ಸತ್ತಿಲ್ಲ, ಮಲಗ್ಯಾವ

ತಲೆಗೆ ಶಾಂಪೂ ಹಾಕಿಕೊಂಡು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಇನ್ನೇನು ಬಿಸಿನೀರು ಬೀಳುತ್ತದೆ ಅಂತ ಷವರಿನ ಕೆಳಗೆ ತಲೆ ಕೊಟ್ಟಾಗ ತಣ್ಣೀರು ಸುರಿದರೆ, ಬಾಯಿಂದ ದೇವರ ಹೆಸರು ಬರುವುದಿಲ್ಲ. ಇವತ್ತು ಬೆಳಿಗ್ಗೆ ನನ್ನ ಬಾಯಿಂದ ಏನು ಬಂತು ಅನ್ನುವುದನ್ನು ಇಲ್ಲಿ ಬರೆಯುವಂತಿಲ್ಲ. ಡಿಸೆಂಬರಿನ ಪುಣೆ. ತಲೆ ಇನ್ನೂ ಪೂರ್ತಿ ಒಣಗಿಲ್ಲ. ಸಿಟ್ಟೂ ಆರಿಲ್ಲ.

ಪುಣೆಯವರಿಗೆ ಗ್ಯಾಸ್ ಗೀಸರ್ ಬಗ್ಗೆ ಬಿಡಿಸಿ ಹೇಳಬೇಕಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಹೆಸರಿಗೆ ಅದು ಗ್ಯಾಸಿನದು. ಆದರೆ ಅದರ ಕೆಳಭಾಗದಲ್ಲಿ ಒಂದು ಪುಟ್ಟ ಡಬ್ಬಿ ಇರುತ್ತದೆ. ಅದರೊಳಗೆ ಎರಡು ದೊಡ್ಡ ಸೆಲ್ಲು. ನಲ್ಲಿ ತಿರುಗಿಸಿದರೆ ನೀರಿನ ಒತ್ತಡಕ್ಕೆ ಒಳಗೊಂದು ಸ್ವಿಚ್ಚು ಒತ್ತಿಕೊಳ್ಳುತ್ತದೆ. ಸೆಲ್ಲಿನ ಕರೆಂಟಿನಿಂದ ಟಕಟಕ ಅಂತ ಕಿಡಿ ಹಾರುತ್ತದೆ, ಗ್ಯಾಸಿನ ವಾಲ್ವು ತೆರೆಯುತ್ತದೆ, ಭುಗ್ಗಂತ ಉರಿ ಹತ್ತುತ್ತದೆ. ಪೈಪಿನಲ್ಲಿ ಗ್ಯಾಸ್ ಇದೆ. ಟ್ಯಾಂಕಿನಲ್ಲಿ ನೀರಿದೆ. ಎರಡರ ಬಿಲ್ಲೂ ಕಟ್ಟಿದ್ದೇವೆ. ಆದರೂ ಒಂದೂವರೆ ವೋಲ್ಟಿನ ಆ ಎರಡು ಸೆಲ್ಲು ಮುನಿಸಿಕೊಂಡರೆ ಮುಗಿಯಿತು.

ಮುಚ್ಚಿದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಇಡಬಾರದು. ಗಾಳಿಯಾಡದಿದ್ದರೆ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವವೇ ಹೋಗಬಹುದು. ಹಾಗಾಗಿ ನಮ್ಮದು ಅಡುಗೆಮನೆಯ ಆಚೆ, ಡ್ರೈ ಬಾಲ್ಕನಿಯಲ್ಲಿದೆ. ಒಳ್ಳೆಯದೇ. ಆದರೆ ಇದರಿಂದ ಬೇರೊಂದು ಕಷ್ಟ ಬಂದಿದೆ. ನಾನು ಒಳಗೆ, ಸೆಲ್ಲು ಹೊರಗೆ. ನಡುವೆ ಬಾಗಿಲು. ಬಾಗಿಲಾಚೆ ನಮ್ಮ ಮಾವನವರು.

ಮಾವನವರು ಹುಬ್ಬಳ್ಳಿಯಲ್ಲಿ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ರಿಟೈರ್ ಆದವರು. ಬ್ಯಾಟರಿ ರೂಮಿನ ಬೀಗದ ಕೈ ಅವರ ಹತ್ತಿರ ಇರುತ್ತಿತ್ತಂತೆ. ಅತ್ತೆ ಹೋದ ಮೇಲೆ ಊರಿನ ಮನೆಗೆ ಬೀಗ ಹಾಕಿ ನಮ್ಮ ಜೊತೆ ಪುಣೆಯ ಕೊಥ್ರುಡ್‌ಗೆ ಬಂದರು. ಬರುವಾಗ ಬಟ್ಟೆಯ ಸೂಟ್‌ಕೇಸು, ಒಂದು ಟ್ರಾನ್ಸಿಸ್ಟರ್, ಮೂರು ಸೆಲ್ಲಿನ ಉದ್ದನೆಯ ಟಾರ್ಚು, ಒಂದು ಬಿಸ್ಕತ್ತಿನ ಡಬ್ಬಿ ತಂದರು. ಮಗಳು ಆಸೆಯಿಂದ ಡಬ್ಬಿ ತೆರೆದಳು. ಬಿಸ್ಕತ್ತು ಇರಲಿಲ್ಲ. ಸೆಲ್ಲುಗಳಿದ್ದವು. ದೊಡ್ಡವು, ಪೆನ್ಸಿಲ್ ಸೆಲ್ಲು, ಸಣ್ಣ ಪೆನ್ಸಿಲ್ ಸೆಲ್ಲು, ಗುಂಡಿಯಷ್ಟೇ ಇರುವ ವಾಚಿನ ಸೆಲ್ಲು. ಕೆಲವಕ್ಕೆ ರಬ್ಬರ್ ಬ್ಯಾಂಡು ಹಾಕಿ ಜೋಡಿ ಮಾಡಿದ್ದರು. ಕೆಲವಕ್ಕೆ ಬಾಲ್‌ಪೆನ್ನಿನಲ್ಲಿ ತಾರೀಖು ಬರೆದಿದ್ದರು.

ಅದರಲ್ಲಿ ಬಿಳಿ ಪುಡಿ ಕಾರಿಕೊಂಡಿದ್ದ ಒಂದೆರಡನ್ನು ನಾನು ಎಸೆಯಲು ಹೋದೆ. ಮಾವನವರು ಕೈ ಹಿಡಿದು ನಿಲ್ಲಿಸಿದರು.

“ಅವು ಸತ್ತಿಲ್ಲವಾ, ಮಲಗ್ಯಾವ. ಸ್ವಲ್ಪ ಬಿಸಲಿಗೆ ಇಟ್ರ ಎದ್ದ ಕುಂದರತಾವ.”

ಆವತ್ತಿನಿಂದ ನಮ್ಮ ಬಾಲ್ಕನಿಯ ಕಟ್ಟೆಯ ಮೇಲೆ, ಹಪ್ಪಳ ಸಂಡಿಗೆ ಒಣಗಬೇಕಾದ ಜಾಗದಲ್ಲಿ, ಸೆಲ್ಲುಗಳು ಒಣಗುತ್ತಿವೆ.

ಸುಮ್ನೆ ಕೂಡಿಡುವ ಚಟ ಅಂತ ತಿಳಿಯಬೇಡಿ. ಅದಕ್ಕೊಂದು ಪದ್ಧತಿ ಇದೆ. ಹೊಸ ದೊಡ್ಡ ಸೆಲ್ಲು ಮೊದಲು ಹೋಗುವುದು ಟಾರ್ಚಿಗೆ. ಬೆಳಕು ಹಳದಿಯಾದ ಮೇಲೆ ಅಲ್ಲಿಂದ ತೆಗೆದು ಟ್ರಾನ್ಸಿಸ್ಟರಿಗೆ. ಟ್ರಾನ್ಸಿಸ್ಟರಿನ ದನಿ ಕುಗ್ಗಿದ ಮೇಲೆ ಗೀಸರಿಗೆ. “ಗೀಸರ್ ಏನ ಮಾಡತೈತಿ? ಬರೇ ಕಿಡಿ ಹಾರಸ್ತೈತಿ. ಅದಕ್ಕ ಹೊಸಾ ಸೆಲ್ ಯಾಕ?” ಪೆನ್ಸಿಲ್ ಸೆಲ್ಲಿನದು ಬೇರೆ ದಾರಿ. ಮೊದಲು ಮಗಳ ಕಂಪ್ಯೂಟರಿನ ಮೌಸು, ಆಮೇಲೆ ಸೆಟ್‌ಟಾಪ್ ಬಾಕ್ಸಿನ ರಿಮೋಟು, ಕೊನೆಗೆ ಗೋಡೆ ಗಡಿಯಾರ. ಸರಕಾರಿ ನೌಕರಿಯಲ್ಲಿ ಹಿಂಬಡ್ತಿ ಕೊಡುತ್ತಾರಲ್ಲ, ಅದೇ. ಕೆಲಸದಿಂದ ಮಾತ್ರ ಯಾರನ್ನೂ ತೆಗೆಯುವುದಿಲ್ಲ.

ಇವತ್ತು ಬೆಳಿಗ್ಗೆ ಗೀಸರಿನಲ್ಲಿದ್ದದ್ದು ಟಾರ್ಚು, ಟ್ರಾನ್ಸಿಸ್ಟರು ಎರಡೂ ಹಿಂಡಿ ಬಿಟ್ಟ ಜೋಡಿ.

“ಮಾವಾ! ಗೀಸರ್ ಆಫ್ ಆಯ್ತು!” ಅಂತ ಕೂಗಿದೆ. ಉತ್ತರ ಇಲ್ಲ.

“ಮಾವಾ, ಸೆಲ್ಲು! ಸೆಲ್ಲು ಹಾಕ್ರೀ!”

ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಶಾಂತವಾಗಿ ಉತ್ತರ ಬಂತು. “ಬೆಲ್ಲ ಹಾಕೇನವಾ. ಚಹಾ ಭಾಳ ಚಲೋ ಆಗೇತಿ.”

ಇಲ್ಲಿ ಅವರ ಕಿವಿಯ ಯಂತ್ರದ ಕಥೆ ಹೇಳಲೇಬೇಕು. ಅದಕ್ಕೂ ಸೆಲ್ಲು ಬೇಕು. ತೊಗರಿಬೇಳೆಗಿಂತ ಸ್ವಲ್ಪ ದೊಡ್ಡದು. ಜಿಂಕ್-ಏರ್ ಅಂತಾರೆ. ಅದರ ಬೆನ್ನಿಗೆ ಸಣ್ಣ ತೂತುಗಳಿರುತ್ತವೆ, ಅದರ ಮೇಲೊಂದು ಬಣ್ಣದ ಸ್ಟಿಕರು. ಸ್ಟಿಕರು ಕಿತ್ತರೆ ಗಾಳಿ ಒಳಗೆ ಹೋಗುತ್ತದೆ, ಗಾಳಿಯಲ್ಲಿರುವ ಆಮ್ಲಜನಕ ಸತುವಿನ ಜೊತೆ ಸೇರಿ ಕರೆಂಟು ಹುಟ್ಟುತ್ತದೆ. ಒಮ್ಮೆ ಕಿತ್ತಿರೋ, ನೀವು ಕಿವಿಗೆ ಹಾಕಿಕೊಳ್ಳಿ ಬಿಡಿ, ಅದು ದಿನದಿನಕ್ಕೆ ಖರ್ಚಾಗುತ್ತಲೇ ಹೋಗುತ್ತದೆ. ಬಿಸಿಲಿಗಿಟ್ಟರೆ ಏಳುವುದಿಲ್ಲ. ಮಾವನವರ ಬಾಳಿನಲ್ಲಿ ಅವರ ಮಾತು ಕೇಳದ ಸೆಲ್ಲು ಇದೊಂದೇ. ಅದಕ್ಕೆ ಅವರು ಕಂಡುಕೊಂಡ ಉಪಾಯ ಏನು ಗೊತ್ತಾ? ಕಿತ್ತ ಸ್ಟಿಕರನ್ನು ಕ್ಯಾಲೆಂಡರಿಗೆ ಅಂಟಿಸಿಟ್ಟಿರುತ್ತಾರೆ. ರಾತ್ರಿ ಮಲಗುವಾಗ ಅದನ್ನು ತೆಗೆದು ಮತ್ತೆ ಸೆಲ್ಲಿಗೆ ಅಂಟಿಸುತ್ತಾರೆ. ಬೆಳಿಗ್ಗೆ ಕಿತ್ತು ಮತ್ತೆ ಕ್ಯಾಲೆಂಡರಿಗೆ. ಇದರಿಂದ ಹೇಳಿಕೊಳ್ಳುವಂಥ ಉಳಿತಾಯ ಆಗುವುದಿಲ್ಲ ಅಂತ ಯಂತ್ರ ಕೊಟ್ಟ ಡಾಕ್ಟರೇ ಹೇಳಿದ್ದಾರೆ. ಆ ಮಾತು ಹೇಳುವಾಗ ಮಾವನವರ ಕಿವಿಯಲ್ಲಿ ಯಂತ್ರ ಇರಲಿಲ್ಲ.

ಅಂದರೆ, ನನ್ನ ಗೀಸರಿನ ಸೆಲ್ಲು ಹೋಗಿದೆ ಅಂತ ಕೇಳಿಸಿಕೊಳ್ಳಬೇಕಾದವರ ಕಿವಿಯ ಸೆಲ್ಲೂ ಹೋಗಿತ್ತು.

ಅಷ್ಟರಲ್ಲಿ ಕೆಲಸದ ಮಾವಶಿ ಬಂದಳು. ನಮ್ಮ ಕಾಲಿಂಗ್ ಬೆಲ್ಲು ವೈರ್ ಇಲ್ಲದ್ದು. ಅದರ ಸೆಲ್ಲೂ ಡಬ್ಬಿಯಿಂದಲೇ ಬಂದದ್ದು. ಆರತಿಯ ಹಾಡು ಮೊದಲ ಸಾಲಿನಲ್ಲೇ ಎಳೆದೆಳೆದು ನಿಂತುಹೋಯಿತು. ಪುಣ್ಯಕ್ಕೆ ಮಾವನವರು ಪೇಪರಿಗೆ ಅಂತ ಬಾಗಿಲು ತೆರೆದಿದ್ದರು. ಮಾವಶಿ ನನ್ನ ಕೂಗು ಕೇಳಿ ಓಡಿ ಬಂದಳು. ನಾನು ಒಳಗಿನಿಂದ ನನ್ನ ಹರಕು ಮರಾಠಿಯಲ್ಲಿ ಹೇಳಿದೆ. ಅವಳು ಮಾವನವರ ಕಿವಿಯ ಹತ್ತಿರ ಹೋಗಿ ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದಳು. “ಆಜೋಬಾ! ಗೀಝರ್ ಬಂದ್ ಪಡ್‌ಲಾ! ತಾಈ ಆತ್ ಆಹೇ!” ನಾನು ಒಳಗಿದ್ದೇನೆ ಅನ್ನುವುದು ಮೂರನೇ ಮಹಡಿಯವರಿಗೂ ತಿಳಿಯಿತು.

ಇಷ್ಟಾದ ಮೇಲೆ ಮುಗಿಯಿತು ಅಂದುಕೊಂಡೆ. ಮಾವನವರು ಡಬ್ಬಿ ತಂದರು. ಮುಚ್ಚಳ ತೆರೆದ ಸದ್ದು ಕೇಳಿಸಿತು. ಇನ್ನೇನು ಎರಡು ಸೆಲ್ಲು ತೆಗೆದು ಹಾಕುವುದು ತಾನೇ? ಅಲ್ಲ. ಮೊದಲು ಪರೀಕ್ಷೆ ಆಗಬೇಕು. ಅವರ ಹತ್ತಿರ ಟಾರ್ಚಿನ ಬಲ್ಬಿಗೆ ಎರಡು ವೈರು ಬೆಸೆದ ಒಂದು ಸಾಮಾನಿದೆ. ಒಂದೊಂದೇ ಸೆಲ್ಲಿಗೆ ಅದನ್ನು ಮುಟ್ಟಿಸಿ ನೋಡುತ್ತಾರೆ. ನಾನು ಬಾಗಿಲ ಈಚೆ ನಿಂತು ಕಾಮೆಂಟರಿ ಕೇಳುತ್ತಿದ್ದೇನೆ. ಶಾಂಪೂ ಕಣ್ಣಿಗೆ ಇಳಿಯುತ್ತಿದೆ.

“ಇದು ಚಲೋ ಐತಿ. ಉಂಹೂಂ, ಮಬ್ಬಾತು. ಇದು... ಇದು ಹ್ವಾದ ದೀಪಾವಳೀದು. ತಡಿ, ಇದು ಯಾವ್ದು?”

“ಮಾವಾ, ಹೊಸದು ಹಾಕಿ! ಕಪಾಟಿನಲ್ಲಿ ಹೊಸ ಜೋಡಿ ಇದೆ!”

ಮಾವಶಿ ಅದನ್ನೂ ಮುಟ್ಟಿಸಿದಳು. ಹೊರಗೆ ಮೌನ. ಹೊಸ ಪ್ಯಾಕೆಟ್ ಒಡೆಯುವುದು ನಮ್ಮ ಮನೆಯಲ್ಲಿ ಸಣ್ಣ ನಿರ್ಧಾರ ಅಲ್ಲ. ಕೊನೆಗೆ ಅವರು ರಾಜಿಗೆ ಬಂದರು. ಒಂದು ಹೊಸದು, ಒಂದು ಹಳೆಯದು. “ಹೊಸಾದು ಹಳೇದನ್ನ ನಡಸ್ಕೊಂಡ ಹೋಗತೈತಿ ಬಿಡವಾ.”

ಇದು ಸಂಸಾರದಲ್ಲಿ ನಿಜ ಇರಬಹುದು. ಸೆಲ್ಲಿನಲ್ಲಿ ಅಲ್ಲ. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಹಾಕಬೇಡಿ ಅಂತ ಪ್ಯಾಕೆಟ್ಟಿನ ಹಿಂದೆಯೇ ಬರೆದಿರುತ್ತಾರೆ. ಹಳೆಯದು ಬೇಗ ಬರಿದಾಗುತ್ತದೆ. ಹೊಸದು ಮಾತ್ರ ಅದರೊಳಗಿಂದ ಕರೆಂಟನ್ನು ತಳ್ಳುತ್ತಲೇ ಇರುತ್ತದೆ. ಕೊನೆಗೆ ಹಳೆಯದು ಸೋರಲು ಶುರುವಾಗುತ್ತದೆ. ಸೋರುವವರೆಗೆ ನಾನು ಕಾಯಬೇಕಾಗಲಿಲ್ಲ. ಗೀಸರ್ ಭುಗ್ಗೆಂದಿತು. ಬಿಸಿನೀರು ಬಂತು. ಹಾಯ್ ಅನ್ನುವಷ್ಟರಲ್ಲಿ ಟಕಟಕಟಕ. ಮತ್ತೆ ತಣ್ಣೀರು. ಮೊದಲ ಸಲ ತಣ್ಣೀರು ಬಿದ್ದಾಗ ಮೈ ಮಾತ್ರ ನಡುಗಿತ್ತು. ಈ ಸಲ ನಂಬಿಕೆಯೇ ನಡುಗಿತು. ಎರಡನೇ ಹೊಸ ಸೆಲ್ಲು ಹೊರಬರುವ ಹೊತ್ತಿಗೆ ನನ್ನ ತಲೆಯ ಮೇಲಿನ ನೊರೆ ಗಟ್ಟಿಯಾಗಿತ್ತು.

ಸಿಟ್ಟು ಬರುವುದು ಎಲ್ಲಿ ಅಂದರೆ, ಮಾವನವರು ಹೇಳುವುದರಲ್ಲಿ ಅರ್ಧ ಸರಿ ಇರುತ್ತದೆ. ಪೂರ್ತಿ ತಪ್ಪಿದ್ದರೆ ಜಗಳ ಆಡಬಹುದಿತ್ತು. ಸಾದಾ ಸತು-ಇಂಗಾಲದ ಸೆಲ್ಲಿನಿಂದ ಒಂದೇ ಸಮನೆ ಕರೆಂಟು ಎಳೆದರೆ ಒಳಗೆ ನಡುವಿನ ಕಡ್ಡಿಯ ಸುತ್ತ ರಾಸಾಯನಿಕ ಕಿಟ್ಟ ಕಟ್ಟಿಕೊಂಡು ಅದಕ್ಕೆ ಉಸಿರುಗಟ್ಟುತ್ತದೆ. ಬಿಡುವು ಕೊಟ್ಟರೆ ನಿಧಾನಕ್ಕೆ ಚೇತರಿಸಿಕೊಳ್ಳುತ್ತದೆ. ಬೆಚ್ಚಗಿದ್ದರೆ ಇನ್ನೂ ಸ್ವಲ್ಪ ಬೇಗ. ಅಂದರೆ ನಿಜವಾಗಿಯೂ ಮಲಗಿರುತ್ತದೆ. ಆದರೆ ಖರ್ಚಾದ ಸತು ವಾಪಸ್ ಬರುವುದಿಲ್ಲ. ಸೆಲ್ಲಿನ ಹೊರಗಿನ ಡಬ್ಬವೇ ಸತುವಿನದು. ಕರೆಂಟು ಕೊಡುತ್ತ ಕೊಡುತ್ತ ಅದು ತನ್ನನ್ನು ತಾನೇ ತಿಂದುಕೊಳ್ಳುತ್ತದೆ. ಒಂದು ದಿನ ತೂತು ಬಿದ್ದು ಒಳಗಿನ ಪೇಸ್ಟು ಹೊರಬರುತ್ತದೆ. ರಿಮೋಟಿನ ಸ್ಪ್ರಿಂಗಿಗೆ ಹಿಡಿಯುವ ಆ ಪುಡಿಪುಡಿ ಬೂಷ್ಟು ನೋಡಿದ್ದೀರಲ್ವಾ, ಅದೇ.

ಇದೆಲ್ಲ ಶುರುವಾಗಿದ್ದು 1800ರಲ್ಲಿ. ಇಟಲಿಯ ಅಲೆಸ್ಸಾಂದ್ರೊ ವೋಲ್ಟಾ ಸತುವಿನ ಬಿಲ್ಲೆ, ತಾಮ್ರದ ಬಿಲ್ಲೆ, ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆ, ಹೀಗೆ ಒಂದರ ಮೇಲೊಂದು ಪೇರಿಸಿದ. ಮೇಲಿಂದ ಕೆಳಗೆ ವೈರು ಮುಟ್ಟಿಸಿದರೆ ಕರೆಂಟು ಹರಿಯಿತು. ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಅವನಿಗಿಂತ ಮೊದಲು ಗಾಲ್ವಾನಿ ಸತ್ತ ಕಪ್ಪೆಯ ಕಾಲು ಲೋಹ ತಾಗಿದಾಗ ಅದುರುವುದನ್ನು ಕಂಡು, ಕರೆಂಟು ಕಪ್ಪೆಯೊಳಗೇ ಇದೆ ಅಂದಿದ್ದ. ಕಪ್ಪೆಯಲ್ಲಿಲ್ಲ, ಎರಡು ಲೋಹಗಳಲ್ಲಿದೆ ಅನ್ನುವುದು ವೋಲ್ಟಾನ ವಾದ. ವಾದದಲ್ಲಿ ಗೆಲ್ಲಬೇಕು ಅಂತ ಹೊರಟು ಬ್ಯಾಟರಿ ಮಾಡಿಬಿಟ್ಟ. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಸೀಸ-ಆಮ್ಲದ ಬ್ಯಾಟರಿ ಮಾಡಿದ. ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಮೊದಲನೆಯದು ಅದು. ನಮ್ಮ ಇನ್ವರ್ಟರಿನ ಕೆಳಗೆ ಕೂತಿರುವುದೂ ಅದರ ಮೊಮ್ಮಗನೇ. 1886ರಲ್ಲಿ ಜರ್ಮನಿಯ ಗಾಸ್ನರ್ ಒಳಗಿನ ದ್ರವವನ್ನು ಗಟ್ಟಿ ಪೇಸ್ಟು ಮಾಡಿ ಡ್ರೈ ಸೆಲ್ಲಿಗೆ ಪೇಟೆಂಟು ಪಡೆದ. ಅದು ಬರದಿದ್ದರೆ ಟಾರ್ಚು ಅಡ್ಡ ಹಿಡಿದ ಕೂಡಲೇ ಕೈಮೇಲೆ ಚೆಲ್ಲುತ್ತಿತ್ತು. ಮಾವನವರಿಗೆ ಇವರೆಲ್ಲ ಒಂದು ಥರ ನೆಂಟರು. ರೈಲ್ವೆ ಟ್ರೈನಿಂಗಿನಲ್ಲಿ ಓದಿದ್ದಂತೆ. ನಮ್ಮೆಜಮಾನರ ಹುಟ್ಟಿದ ದಿನ ಕೇಳಿದರೆ ಯೋಚಿಸುತ್ತಾರೆ. 1859 ಮಾತ್ರ ಥಟ್ಟನೆ ಹೇಳುತ್ತಾರೆ.

2019ರಲ್ಲಿ ಲಿಥಿಯಂ ಬ್ಯಾಟರಿ ಮಾಡಿದ ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು. ಅವರಲ್ಲಿ ಗುಡಿನಫ್ ಅನ್ನುವವರಿಗೆ ಆಗ 97 ವರ್ಷ. ಅಷ್ಟು ವಯಸ್ಸಿನಲ್ಲಿ ಅದಕ್ಕೆ ಮುಂಚೆ ಯಾರಿಗೂ ನೊಬೆಲ್ ಬಂದಿರಲಿಲ್ಲ. ಪೇಪರಿನಲ್ಲಿ ಅದನ್ನು ಓದಿ ಮಾವನವರು ಕನ್ನಡಕ ಒರೆಸಿಕೊಂಡು, “ಹಂಗಾರ ನನಗಿನ್ನೂ ಟೈಮ್ ಐತಿ” ಅಂದರು. ಅದೇ ವಾರ ಡಬ್ಬಿಯಲ್ಲಿದ್ದ ಸೆಲ್ಲುಗಳಿಗೆಲ್ಲ ಹೊಸದಾಗಿ ತಾರೀಖು ಬಿತ್ತು.

ರಿಮೋಟಿನ ವಿಷಯಕ್ಕೆ ಬರೋಣ. ರಿಮೋಟು ನಡೆಯದಿದ್ದರೆ ನಾವು ಏನು ಮಾಡುತ್ತೇವೆ? ಮೊದಲು ಗಟ್ಟಿಯಾಗಿ ಒತ್ತುತ್ತೇವೆ. ಆಮೇಲೆ ಟಿವಿಯ ಹತ್ತಿರ ಹೋಗಿ ಒತ್ತುತ್ತೇವೆ. ಆಮೇಲೆ ಅಂಗೈಗೆ ಬಡಿಯುತ್ತೇವೆ. ಆಮೇಲೆ ಹಿಂದಿನ ಮುಚ್ಚಳ ತೆಗೆದು ಸೆಲ್ಲನ್ನು ಹೆಬ್ಬೆರಳಿನಲ್ಲಿ ತಿರುಗಿಸುತ್ತೇವೆ. ಮುಚ್ಚಳ ಯಾವತ್ತೋ ಕಳೆದಿರುತ್ತದೆ, ಅಲ್ಲಿ ಸೆಲ್ಲೋಟೇಪು ಇರುತ್ತದೆ. ತಿರುಗಿಸಿದರೆ ನಡೆಯುತ್ತದೆ ಕೂಡ. ತುದಿಗೆ ಹಿಡಿದ ಕಿಲುಬು ಉಜ್ಜಿ ಹೋಗುತ್ತದಲ್ಲ, ಅದಕ್ಕೆ. ಕುತೂಹಲಕ್ಕೆ ಹೇಳುತ್ತೇನೆ, 1956ರಲ್ಲಿ ಅಮೆರಿಕದ ಝೆನಿತ್ ಕಂಪನಿ ತಂದ ರಿಮೋಟಿನಲ್ಲಿ ಸೆಲ್ಲೇ ಇರಲಿಲ್ಲ. ಗುಂಡಿ ಒತ್ತಿದರೆ ಒಳಗೊಂದು ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಕಡ್ಡಿಗೆ ಬಡಿಯುತ್ತಿತ್ತು. ಮನುಷ್ಯರಿಗೆ ಕೇಳಿಸದ ಆ ಸದ್ದನ್ನು ಟಿವಿ ಕೇಳಿಸಿಕೊಂಡು ಚಾನೆಲ್ ಬದಲಿಸುತ್ತಿತ್ತು. ಸೆಲ್ಲು ಹಾಕಿದರೆ ಅದು ಮುಗಿದ ದಿನ ಜನ ಟಿವಿಯೇ ಕೆಟ್ಟಿದೆ ಅಂದುಕೊಳ್ಳುತ್ತಾರೆ ಅನ್ನುವುದು ಕಂಪನಿಯವರ ಹೆದರಿಕೆಯಾಗಿತ್ತು. ಎಷ್ಟು ದೂರ ನೋಡಿದ್ದರು! ಇದನ್ನು ಮಾವನವರಿಗೆ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ. “ಸೆಲ್ ಇಲ್ಲಂದ್ರ ಅದೇನ್ ರಿಮೋಟ?” ಅಂದರು.

ಗೋಡೆ ಗಡಿಯಾರದ ಕಥೆ ಇನ್ನೊಂದು. ಅದರೊಳಗಿನ ಕ್ವಾರ್ಟ್ಜ್ ಚೂರು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ 1 ಉಳಿಯುತ್ತದೆ. ಆ ಒಂದು ಮಿಡಿತಕ್ಕೆ ಮುಳ್ಳು ಒಂದು ಹೆಜ್ಜೆ ಇಡುತ್ತದೆ. ಇಷ್ಟಕ್ಕೆ ಬೇಕಾದ ಕರೆಂಟು ಬಹಳ ಕಮ್ಮಿ. ಅದಕ್ಕೇ ಎಲ್ಲಿಯೂ ನಡೆಯದ ಸೆಲ್ಲು ಗಡಿಯಾರದಲ್ಲಿ ನಡೆಯುತ್ತದೆ. ಮಾವನವರು ಇಲ್ಲೂ ಸರಿ. ಆದರೆ ನಮ್ಮ ಗಡಿಯಾರದ ಸೆಕೆಂಡ್ ಮುಳ್ಳನ್ನು ಒಮ್ಮೆ ನೋಡಬೇಕು. ಹನ್ನೆರಡರಿಂದ ಆರರವರೆಗೆ ಚೆನ್ನಾಗಿಯೇ ಇಳಿಯುತ್ತದೆ. ಅಲ್ಲಿಂದ ಏರು. ಏಳು, ಎಂಟು ಅಂತ ಏದುಸಿರು ಬಿಡುತ್ತ ಬಂದು ಒಂಬತ್ತರ ಹತ್ತಿರ ನಿಂತುಬಿಡುತ್ತದೆ. ಅಲ್ಲಿ ಮುಳ್ಳು ಪೂರ್ತಿ ಅಡ್ಡ ಇರುತ್ತದೆ, ಅದನ್ನು ಎತ್ತುವುದೇ ಸೆಲ್ಲಿಗೆ ಹೆಚ್ಚು ಭಾರ. ಒಂದು ಹೆಜ್ಜೆ ಮೇಲೆ, ಒಂದು ಹೆಜ್ಜೆ ಕೆಳಗೆ. ನಾನು ಊಟ ಮಾಡುತ್ತ ಅದನ್ನು ನೋಡುತ್ತಿದ್ದರೆ ನನಗೇ ತುತ್ತು ಇಳಿಯುವುದಿಲ್ಲ. ಮಗಳ ಸ್ಕೂಲ್ ಬಸ್ಸು ಆ ಮುಳ್ಳನ್ನು ಕಾಯುವುದಿಲ್ಲ.

ಮಾವನವರನ್ನೇ ಯಾಕೆ ಅನ್ನಬೇಕು? ವೈರಿನ ಕಾಟ ತಪ್ಪಲಿ ಅಂತ ತಾನೇ ಇದೆಲ್ಲ ಬಂದದ್ದು? ನಾನು ಹುಟ್ಟಿದ್ದು ತೀರ್ಥಹಳ್ಳಿಯ ಕಡೆ. ಅಲ್ಲಿ ಅಮ್ಮ ರಾತ್ರಿ ಮಲಗುವ ಮುಂಚೆ ಕೊಟ್ಟಿಗೆಗೆ ಹೋಗಿ ಒಂದೊಂದು ದನಕ್ಕೂ ಹುಲ್ಲು ಹಾಕಿ ಬರುತ್ತಿದ್ದಳು. ಈಗ ನಾನು ಅದೇ ಹೊತ್ತಿಗೆ ಮನೆಯೆಲ್ಲ ಸುತ್ತಿ ಒಂದೊಂದಕ್ಕೂ ಚಾರ್ಜರ್ ಚುಚ್ಚಿ ಬರುತ್ತೇನೆ. ಎರಡು ಫೋನು, ಮಗಳ ಟ್ಯಾಬು, ಅವಳ ಕಿವಿಗೆ ಹಾಕುವ ಬಡ್ಸು, ಯಜಮಾನರ ಕೈಗಡಿಯಾರ, ಟ್ರಿಮ್ಮರು, ಪವರ್ ಬ್ಯಾಂಕು, ಸೊಳ್ಳೆ ಹೊಡೆಯುವ ಬ್ಯಾಟು. ಅಮ್ಮನ ದನಗಳು ಹಾಲಾದರೂ ಕೊಡುತ್ತಿದ್ದವು. ಇಷ್ಟು ಜನಕ್ಕೆ ಹಾಕಿದರೂ ಬೆಳಿಗ್ಗೆ ಒಂದಾದರೂ ಉಪವಾಸ ಇರುತ್ತದೆ. ಪಿನ್ನು ಹಾಕಿ ಸ್ವಿಚ್ಚು ಹಾಕದೆ ಹೋದವರು ಯಾರು ಅಂತ ನಮ್ಮ ಮನೆಯಲ್ಲಿ ದಿನಾ ತನಿಖೆ ನಡೆಯುತ್ತದೆ.

ಫೋನಿನ ಬ್ಯಾಟರಿಯಂತೂ ಇನ್ನೂ ಜಾಣ. ಸೋನಿ ಕಂಪನಿ 1991ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು. ಹಳೆಯ ಸೆಲ್ಲಿಗೆ ನಾಚಿಕೆ ಇತ್ತು. ಮುಗಿಯುತ್ತ ಬಂದರೆ ಬೆಳಕು ಮಂಕಾಗುತ್ತಿತ್ತು, ದನಿ ಕುಗ್ಗುತ್ತಿತ್ತು. ನಮಗೆ ತಿಳಿಯುತ್ತಿತ್ತು. ಇದು ಹಾಗಲ್ಲ. ಕೊನೆಯವರೆಗೂ ಮುಖದಲ್ಲಿ ಒಂದು ಗೆರೆ ಬದಲಾಗುವುದಿಲ್ಲ. ಮೊನ್ನೆ ಮಂಡಈಯಲ್ಲಿ, ಅಂದರೆ ತರಕಾರಿ ಮಾರುಕಟ್ಟೆಯಲ್ಲಿ, ಮೆಂತ್ಯದ ಕಟ್ಟು, ಬಟಾಣಿ, ಗಜ್ಜರಿ ಎಲ್ಲ ಚೀಲಕ್ಕೆ ಹಾಕಿಸಿಕೊಂಡು ಫೋನು ತೆಗೆದೆ. 14 ಪರ್ಸೆಂಟ್ ತೋರಿಸುತ್ತಿತ್ತು. ಕ್ಯಾಮೆರಾ ತೆರೆದು ಕ್ಯೂಆರ್ ಕೋಡಿಗೆ ಹಿಡಿದೆ. ಕಪ್ಪಾಯಿತು. ಹಳೆಯ ಬ್ಯಾಟರಿಗಳು ಹೀಗೆಯೇ. ಒಮ್ಮೆಗೇ ಜಾಸ್ತಿ ಕೆಲಸ ಕೊಟ್ಟರೆ ವೋಲ್ಟೇಜು ಕುಸಿದು ಬಾಗಿಲು ಹಾಕಿಕೊಳ್ಳುತ್ತವೆ. ಆ 14 ಒಂದು ಅಂದಾಜು ಅಷ್ಟೆ. ಪರ್ಸಿನಲ್ಲಿ ನೋಟಿಲ್ಲ. ಯಜಮಾನರ ನಂಬರು ಬಾಯಿಪಾಠ ಇಲ್ಲ. ಪುಣೆಯ ತರಕಾರಿಯವಳ ಮುಂದೆ ದುಡ್ಡಿಲ್ಲದೆ ನಿಲ್ಲುವುದು ಹೇಗಿರುತ್ತದೆ ಅನ್ನುವುದು ಪುಣೆಯಲ್ಲಿದ್ದವರಿಗೇ ಗೊತ್ತು. ಅವಳು ಮಾತಾಡಲಿಲ್ಲ. ಮೆಂತ್ಯವನ್ನು ನನ್ನ ಚೀಲದಿಂದ ತೆಗೆದು ವಾಪಸ್ ಬುಟ್ಟಿಗೆ ಹಾಕಿಕೊಂಡಳು, ಒಂದೊಂದೇ ಕಟ್ಟು.

ರಾತ್ರಿಯ ಹುಬ್ಬಳ್ಳಿ ರೈಲಿನಲ್ಲಿ ಚಾರ್ಜಿಂಗ್ ಪಾಯಿಂಟಿನ ಹತ್ತಿರದ ಸೀಟಿನವರು ಹೇಗೆ ಜಮೀನ್ದಾರರಾಗಿ ಬಿಡುತ್ತಾರೆ ಅನ್ನುವುದನ್ನು ಬೇರೆಯೇ ಬರೆಯಬೇಕು. ಬಿಡಿ.

ಗುರುವಾರ ಅಂದರೆ ಪುಣೆಯಲ್ಲಿ ಕರೆಂಟು ಹೋಗುವ ವಾರ. ಲೈನ್ ರಿಪೇರಿಗೆ ಅಂತ ಆ ದಿನ ತೆಗೆಯುವುದು ಇಲ್ಲಿಯ ಹಳೆಯ ರೂಢಿ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ನಮ್ಮ ಬಿಲ್ಡಿಂಗಿನಲ್ಲಿ ಇನ್ವರ್ಟರ್ ಇದ್ದದ್ದು ಒಂದೋ ಎರಡೋ ಮನೆಯಲ್ಲಿ. ಕರೆಂಟು ಹೋದ ಕೂಡಲೇ ಬಾಗಿಲುಗಳು ತೆರೆಯುತ್ತಿದ್ದವು. ಹೆಂಗಸರೆಲ್ಲ ಮೆಟ್ಟಿಲ ಮೇಲೆ ಗಾಳಿಗೆ ಬಂದು ಕೂರುತ್ತಿದ್ದರು. ನನಗೆ ಮರಾಠಿ ಬಂದದ್ದು ಆ ಮೆಟ್ಟಿಲ ಮೇಲೆ. ಗೋಧಿ ಆರಿಸುತ್ತ, ಸೊಪ್ಪು ಬಿಡಿಸುತ್ತ, ಎದುರು ಮನೆಯ ಕಾಕೂ ನನ್ನ ತಪ್ಪುಗಳಿಗೆ ನಗುತ್ತಲೇ ತಿದ್ದುತ್ತಿದ್ದರು. ಒಮ್ಮೆ ನಾನು ಮಾಡಿದ ಪತ್ರೊಡೆ ಮೂರು ಮಹಡಿ ಸುತ್ತಿ ಬರಿ ತಟ್ಟೆಯಾಗಿ ವಾಪಸ್ ಬಂತು. ಈಗ ಪ್ರತಿ ಮನೆಯಲ್ಲೂ ಇನ್ವರ್ಟರ್. ವೈಫೈ ಡಬ್ಬಿಗೂ ಅದರದೇ ಪುಟ್ಟ ಬ್ಯಾಟರಿ. ಕರೆಂಟು ಹೋದದ್ದೇ ತಿಳಿಯುವುದಿಲ್ಲ. ಫ್ಯಾನು ಅರೆಗಳಿಗೆ ತಡವರಿಸುತ್ತದೆ, ಅಷ್ಟೆ. ಕಾಕೂ ಈಗಲೂ ಎದುರು ಮನೆಯಲ್ಲೇ ಇದ್ದಾರೆ. ಅವರಿಗೆ ಮಂಡಿ ನೋವು ಅಂತ ನನಗೆ ಗೊತ್ತಾದದ್ದು ವಾಟ್ಸಾಪಿನಲ್ಲಿ.

ಇನ್ವರ್ಟರಿಗೆ ನೀರು ಹಾಕುವ ಕೆಲಸ ಮಾವನವರದು. ಅದನ್ನು ಅವರು ಸ್ನಾನ ಮಾಡಿ, ಮಡಿಯಲ್ಲಿ ಮಾಡುತ್ತಾರೆ. ಡಿಸ್ಟಿಲ್ಡ್ ವಾಟರ್ ಕ್ಯಾನು, ಒಂದು ಕುಪ್ಪಿ, ಟಾರ್ಚು. ನಲ್ಲಿ ನೀರು ಹಾಕಿದರೆ ಅದರಲ್ಲಿರುವ ಲವಣ ಪ್ಲೇಟು ಕೆಡಿಸುತ್ತದೆ. ಆರು ಮುಚ್ಚಳ, ಆರು ಮನೆ, ಒಂದೊಂದು ಮನೆಯಲ್ಲೂ ಸುಮಾರು ಎರಡು ವೋಲ್ಟು, ಒಟ್ಟು ಹನ್ನೆರಡು. ಈ ಲೆಕ್ಕವನ್ನು ಅವರು ಪ್ರತಿ ಸಲವೂ ಮಗಳಿಗೆ ಹೇಳುತ್ತಾರೆ. ಅವಳು ಪ್ರತಿ ಸಲವೂ ಈಗ ತಾನೇ ಕೇಳುತ್ತಿರುವ ಹಾಗೆ ಮುಖ ಮಾಡುತ್ತಾಳೆ. ಆಮೇಲೆ ಐಸ್‌ಕ್ರೀಂ ಸಿಗುತ್ತದೆ.

ಸೆಲ್ಲು ಖರೀದಿಗೆ ಅವರು ಹೋಗುವುದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿಗಳಿರುವ ತಪಕೀರ್ ಗಲ್ಲಿಗೆ. ಕೆಳಗಿನ ಅಂಗಡಿಯಲ್ಲಿ ಸಿಗುತ್ತದೆ, ನಿಜ. ಆದರೆ ಅಲ್ಲಿ ಚೌಕಾಸಿಗೆ ಮಜಾ ಇಲ್ಲ. ಜೊತೆಗೆ ಆ ಅಂಗಡಿ ಮಧ್ಯಾಹ್ನ 1ರಿಂದ 4ರವರೆಗೆ ಮುಚ್ಚಿರುತ್ತದೆ. ಪುಣೆಯಲ್ಲಿ ಯಾವ ಸೆಲ್ಲೂ 1 ಗಂಟೆಗೆ ಮುಂಚೆ ಸಾಯುವುದಿಲ್ಲ ಅನ್ನುವುದು ನನ್ನ ಅನುಭವ.

ಈಚೆಗೆ ಬ್ಯಾಟರಿ ಪಾರ್ಕಿಂಗಿಗೂ ಇಳಿದಿದೆ. ಮಾವನವರು ಹುಬ್ಬಳ್ಳಿಯಲ್ಲಿ ವರ್ಷಗಟ್ಟಲೆ ಹೊಡೆದದ್ದು ಹಳೆಯ ಚೇತಕ್. ಕಿಕ್ ಹೊಡೆದರೆ ಶುರುವಾಗದಿದ್ದರೆ ಅದನ್ನು ಪಕ್ಕಕ್ಕೆ ವಾಲಿಸಿ ನಿಲ್ಲಿಸಬೇಕಿತ್ತು. ಅದೇ ಹೆಸರಿನ ಸ್ಕೂಟರು 2020ರಲ್ಲಿ ನಮ್ಮ ಪುಣೆಯಿಂದಲೇ ಬ್ಯಾಟರಿ ಹಾಕಿಕೊಂಡು ಬಂದಾಗ ಅವರಿಗೆ ಒಳಗೊಳಗೇ ಖುಷಿ. ನಮ್ಮ ಬಿಲ್ಡಿಂಗಿನಲ್ಲೂ ಬೇರೆ ಬೇರೆ ಕಂಪನಿಯ ಎಲೆಕ್ಟ್ರಿಕ್ ಸ್ಕೂಟರುಗಳು ಬಂದಿವೆ. ಚಾರ್ಜಿಂಗಿನ ಕರೆಂಟು ಯಾರ ಮೀಟರಿನದು ಅಂತ ಸೊಸೈಟಿಯ ಮೀಟಿಂಗಿನಲ್ಲಿ ಜಗಳ ಆಗಿದೆ. ಒಬ್ಬರು ಎರಡನೇ ಮಹಡಿಯ ಕಿಟಕಿಯಿಂದ ವೈರು ಇಳಿಬಿಟ್ಟಿದ್ದಾರೆ. ಇನ್ನೊಬ್ಬರು ಬ್ಯಾಟರಿಯನ್ನೇ ಕಳಚಿ ಲಿಫ್ಟಿನಲ್ಲಿ ಮನೆಗೆ ಕರೆದುಕೊಂಡು ಹೋಗುತ್ತಾರೆ. ಒಂದು ಬೆಳಿಗ್ಗೆ ಕೆಳಗಿನ ಮನೆಯ ಹುಡುಗನ ಸ್ಕೂಟರು ಗೇಟಿನಲ್ಲೇ ನಿಂತುಹೋಯಿತು. ಅವನಿಗೆ ಇಂಟರ್‌ವ್ಯೂ ಇತ್ತಂತೆ. ಮಾವನವರು ವಾಕಿಂಗಿನಿಂದ ಬರುತ್ತಿದ್ದವರು ನಿಂತು, ನೋಡಿ, ಅನುಭವದ ಮಾತು ಹೇಳಿದರು. “ಥೋಡಾ ವಾಲಸೋ ಬೇಟಾ.” ಹುಡುಗ ಪಾಪ, ದೊಡ್ಡವರ ಮಾತು ಅಂತ ಸ್ಕೂಟರನ್ನು ವಾಲಿಸಿದ. ಅದು ಬೀಪ್ ಬೀಪ್ ಅಂತ ಕೂಗಿಕೊಂಡಿತು.

ಸೊಸೈಟಿಯವರು ಮಾಡಿದ ಒಂದು ಒಳ್ಳೆಯ ಕೆಲಸ ಅಂದರೆ, ವಾಚ್‌ಮನ್ ಕ್ಯಾಬಿನ್ನಿನ ಪಕ್ಕ ಹಳೆಯ ಸೆಲ್ಲು ಹಾಕಲು ಒಂದು ಡಬ್ಬ ಇಟ್ಟದ್ದು. ಹಸಿ ಕಸದ ಜೊತೆ ಸೆಲ್ಲು ಹಾಕಬಾರದು. 2022ರಲ್ಲಿ ಬ್ಯಾಟರಿ ತ್ಯಾಜ್ಯಕ್ಕೆ ಹೊಸ ನಿಯಮವೇ ಬಂದಿದೆ, ತಯಾರಿಸಿದ ಕಂಪನಿಗಳೇ ಹಳೆಯದನ್ನು ವಾಪಸ್ ಪಡೆಯುವ ವ್ಯವಸ್ಥೆ ಮಾಡಬೇಕು. ಸೆಕ್ರೆಟರಿಯವರು ಇದನ್ನೆಲ್ಲ ಮರಾಠಿಯಲ್ಲಿ ಚೆಂದವಾಗಿ ಬರೆದು ಲಿಫ್ಟಿನಲ್ಲಿ ಅಂಟಿಸಿದರು. ಎಲ್ಲರೂ ಉತ್ಸಾಹದಿಂದ ಸೆಲ್ಲು ತಂದು ಹಾಕಿದರು. ಡಬ್ಬ ತುಂಬಿದ ಮೇಲೆ ಗಾಡಿ ಕರೆಸುವುದು ಅಂತ ಮಾತಾಗಿತ್ತು. ಆದರೆ ಅದು ತುಂಬುತ್ತಲೇ ಇಲ್ಲ. ಅರ್ಧಕ್ಕೆ ಬರುತ್ತದೆ, ಮತ್ತೆ ತಳ ಕಾಣುತ್ತದೆ. ಸೆಕ್ರೆಟರಿಯವರಿಗೆ ಭಂಗಾರ್‌ವಾಲಾನ, ಅಂದರೆ ಗುಜರಿಯವನ ಮೇಲೆ ಅನುಮಾನ. ವಾಚ್‌ಮನ್‌ಗೆ ಎದುರು ಬಿಲ್ಡಿಂಗಿನ ಹುಡುಗರ ಮೇಲೆ.

ನಾನು ಯಾರ ಮೇಲೂ ಅನುಮಾನ ಪಡುತ್ತಿಲ್ಲ. ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿಗಳು ಈಗ ಎರಡಾಗಿವೆ ಅಂತ ಮಾತ್ರ ಹೇಳಬಲ್ಲೆ. ವಾಚ್‌ಮನ್ ರಾತ್ರಿ ಕೇಳುವ ರೇಡಿಯೊಕ್ಕೆ ಸೆಲ್ಲು ಪುಕ್ಕಟೆ ಬರುತ್ತಿದೆ ಅಂತಲೂ ಕೇಳಿದ್ದೇನೆ.

ಭಾನುವಾರದ ಮೀಟಿಂಗಿನಲ್ಲಿ ಸೆಕ್ರೆಟರಿಯವರು ಡಬ್ಬದ ಮೇಲೆ ಕ್ಯಾಮೆರಾ ಹಾಕಿಸುವ ತೀರ್ಮಾನ ಹೇಳಿದರು. ವೈರಿನ ತಲೆನೋವಿಲ್ಲದ್ದು, ಗೋಡೆಗೆ ಸುಮ್ನೆ ಅಂಟಿಸಿದರಾಯಿತು ಅಂದರು. ಮನೆಗೆ ಬಂದು ಮಾವನವರಿಗೆ, ಹೊಸ ಸೆಲ್ಲು ಹಾಕಿದ್ದ ಕಿವಿಯ ಕಡೆ ನಿಂತು, ನಿಧಾನವಾಗಿ, ಬಿಡಿಸಿ ಹೇಳಿದೆ. ಇನ್ನು ಮುಂದೆ ಡಬ್ಬದ ಹತ್ತಿರ ಯಾರು ಬಂದರೂ ಗೊತ್ತಾಗುತ್ತದೆ ಅಂದೆ. ಅವರು ಪೂರ್ತಿ ಕೇಳಿಸಿಕೊಂಡರು. ಸ್ವಲ್ಪ ಹೊತ್ತು ಯೋಚಿಸಿದರು.

“ವೈರ್ ಇಲ್ಲಂದ್ರ ಅದಕ್ಕ ಸೆಲ್ ಬೇಕಲ್ಲವಾ,” ಅಂದರು. “ಯಾವ ಸೈಜಿನವು?”